ಡೂ-ವಾಪ್ ಮುನಿರಾಜು

ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಬಸ್ಸುಗಳಿಗೆ ಅಲ್ಲಿಯ ಜನ ‘ಮುನಿ’ ಎನ್ನುತ್ತಾರೆ. ಮುನಿಸಿಪಲ್ ಎಂಬುದನ್ನು ಮೊಟಕು ಮಾಡಿದ ಹೆಸರು. ಬಸ್ಸಿನ ಮೈಮೇಲೆ ಅದೇ, ನಿಲ್ದಾಣದ ಕಂಬದ ಮೇಲೆ ಅದೇ, ನೌಕರರ ಅಂಗಿಯ ಮೇಲೂ ಅದೇ. 1979ರಲ್ಲಿ ಹೊಸಕೋಟೆ ಕಡೆಯ ಮುನಿರಾಜು ಆ ಬಸ್ಸುಗಳ ಯಾರ್ಡಿಗೆ ಮೆಕ್ಯಾನಿಕ್ಕಾಗಿ ಸೇರಿದ ವಾರವೇ ಒಂದು ಬಸ್ಸಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಊರಿಗೆ ಕಳಿಸಿದ. ಊರಿನ ಮೇಷ್ಟ್ರು ಅಕ್ಷರ ಕೂಡಿಸಿ ಓದಿ ಹೇಳಿದರು. ಬಸ್ಸುಗಳೆಲ್ಲ ಮುನಿರಾಜುವಿನದೇ ಎಂದು ಊರು ನಂಬಿತು. ತಿದ್ದಿ ಬರೆಯಲು ಅವನಿಗೂ ಮನಸ್ಸಾಗಲಿಲ್ಲ.

ಅವನನ್ನು ಅಮೆರಿಕಕ್ಕೆ ಕರೆಸಿಕೊಂಡದ್ದು ಅಕ್ಕ ಭದ್ರಮ್ಮ. ಅವರು ಹತ್ತು ವರ್ಷದಿಂದ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಮದುವೆ ಮಾಡಿಕೊಂಡಿರಲಿಲ್ಲ, ತಮ್ಮನಿಗೂ ಆಗಿರಲಿಲ್ಲ. ಇಬ್ಬರೂ ಒಂದು ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಮುದ್ದೆ ಉಣ್ಣುತ್ತ, ಜಗಳವಾಡುತ್ತ ಸುಖವಾಗಿದ್ದರು. ಮುನಿರಾಜು ಊರಿನಲ್ಲಿದ್ದಾಗ ಮೊದಲು ಎರಡು ವರ್ಷ ಬೆಂಗಳೂರು–ಚಿಂತಾಮಣಿ ಪ್ರೈವೇಟ್ ಬಸ್ಸಿನ ಕಂಡಕ್ಟರಾಗಿದ್ದ, ಆಮೇಲೆ ಮೆಕ್ಯಾನಿಕ್ ಕೆಲಸ ಕಲಿತ. ಆಳು ಸಣ್ಣ, ಕಂಠ ಮಾತ್ರ ಬಾವಿಯಷ್ಟು ಆಳ. ಊರಿನ ಭಜನೆ ಮನೆಯಲ್ಲಿ ಅವನು ಬಾಯಿ ತೆರೆದರೆ ಉಳಿದವರೆಲ್ಲ ಶ್ರುತಿ ತಪ್ಪಿ ಕೆಳಕ್ಕೆ ಜಾರುತ್ತಿದ್ದರಂತೆ. ಹಾರ್ಮೋನಿಯಂ ಮೇಷ್ಟ್ರು ಒಂದು ದಿನ ಕೈಮುಗಿದು, “ಅಪ್ಪಾ, ನಿನ್ನ ಶ್ರುತಿ ಈ ಪೆಟ್ಟಿಗೆಯೊಳಗೇ ಇಲ್ಲ. ನೀನು ತಾಳ ಹಾಕು, ಸಾಕು,” ಎಂದರು. ಅಂದಿನಿಂದ ಮುನಿರಾಜು ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿದಾಗ ಮಾತ್ರ ಹಾಡಿಕೊಳ್ಳುತ್ತಿದ್ದ.

1981ರ ಒಂದು ಮಧ್ಯಾಹ್ನ ಹಾಗೆಯೇ ಹಾಡಿಕೊಳ್ಳುತ್ತಿದ್ದಾಗ ಬಸ್ಸಿನ ಪಕ್ಕದಲ್ಲಿ ಎರಡು ಬೂಟುಗಳು ಬಂದು ನಿಂತವು. ಅವು ಅರ್ಲ್ ಬ್ರೂಸಾರ್ಡ್ ಎಂಬ ಡ್ರೈವರನವು. ಲೂಸಿಯಾನಾ ಮೂಲದ, ಐವತ್ತು ದಾಟಿದ ಕಪ್ಪು ಮನುಷ್ಯ. ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಮುಂದೆ ಪರಿಚಯವಾದ ಮೇಲೆ ಮುನಿರಾಜು ನನಗೆ ಹೇಳಿದ್ದು ಹೀಗೆ.

“ಯಾರಪ್ಪ ಕೆಳಗೆ? ಆ ಸ್ವರ ಇನ್ನೊಂದ್ಸಲ ಹಿಡಿ.”

“ಸ್ವರ ಅಲ್ಲ ಸಾರ್, ಗೇರ್‌ಬಾಕ್ಸಿನ ಸದ್ದಿರಬೇಕು.”

“ಮೂವತ್ತು ವರ್ಷದಿಂದ ಗೇರ್‌ಬಾಕ್ಸ್ ಕೇಳ್ತಿದೀನಿ. ಯಾವುದೂ ಇಷ್ಟು ಪ್ರೀತಿಯಿಂದ ಸದ್ದು ಮಾಡಿಲ್ಲ. ಹೊರಗೆ ಬಾ.”

ಅರ್ಲ್ ಹರೆಯದಲ್ಲಿ ಮೂವರು ಗೆಳೆಯರ ಜೊತೆ ‘ಕೇಬಲ್‌ಟೋನ್ಸ್’ ಎಂಬ ತಂಡ ಕಟ್ಟಿದ್ದ. ಅವರು ಹಾಡುತ್ತಿದ್ದ ಬಗೆಗೆ ಡೂ-ವಾಪ್ ಎಂದು ಹೆಸರು. ವಾದ್ಯ ಕೊಳ್ಳಲಾಗದ ಹುಡುಗರು ಬೀದಿ ಮೂಲೆಯಲ್ಲಿ ನಿಂತು ಬಾಯಲ್ಲೇ ವಾದ್ಯಗಳನ್ನೆಲ್ಲ ನುಡಿಸಿದ ಹಾಡು ಅದು. ಒಬ್ಬ ಪದ ಹಾಡುತ್ತಾನೆ, ಇಬ್ಬರು ‘ಊ’ ಎಂದು ಎಳೆಯುತ್ತಾರೆ, ತಳದಲ್ಲಿ ಒಬ್ಬ ‘ಡೂಮ್ ಡೂಮ್’ ಎಂದು ನಡೆಯುತ್ತಾನೆ. ಆ ತಳದ ದನಿಯವನು ಮಗಳ ಮನೆಗೆಂದು ಸ್ಯಾಕ್ರಮೆಂಟೋಗೆ ಹೊರಟುಹೋಗಿದ್ದ. ತಂಡ ಒಂದು ವರ್ಷದಿಂದ ತಳವಿಲ್ಲದ ಕೊಡವಾಗಿತ್ತು.

“ನಂಗೆ ಇಂಗ್ಲಿಷ್ ಹಾಡು ಬರಲ್ಲ,” ಎಂದ ಮುನಿರಾಜು.

“ಡೂಮ್ ಬರುತ್ತಾ?”

“ಬರುತ್ತೆ.”

“ನಿನ್ನ ಪಾಲಿನ ಇಂಗ್ಲಿಷ್ ಬಹುಪಾಲು ಅಷ್ಟೇ.”

ಅಭ್ಯಾಸ ನಡೆಯುತ್ತಿದ್ದದ್ದು ಯಾರ್ಡಿನ ಶೌಚಾಲಯದಲ್ಲಿ, ಊಟದ ಬಿಡುವಿನಲ್ಲಿ. ಈ ಸುದ್ದಿ ಭದ್ರಮ್ಮನ ಕಿವಿಗೆ ಬಿತ್ತು.

“ಏನ್ಲಾ ಮುನಿ, ಕಕ್ಕಸ್‌ನಾಗೆ ನಿಂತ್ಕಂಡು ಹಾಡ್ತೀಯಂತೆ?”

“ಅಲ್ಲಿ ಗೋಡೆಗೆಲ್ಲ ಟೈಲ್ಸ್ ಐತಕ್ಕ. ದನಿ ವಾಪಸ್ ಬತ್ತದೆ.”

“ದನಿ ಜತೆ ವಾಸ್ನೆನೂ ಬತ್ತದೆ. ಥೂ.”

ಹಾಗೆಂದರೂ, ಹಳೆಯ ತಳದನಿಯವನು ಬಿಟ್ಟುಹೋಗಿದ್ದ ಆಕಾಶನೀಲಿ ಸೂಟನ್ನು ತಮ್ಮನ ಅಳತೆಗೆ ಹಿಡಿದು ಹೊಲಿದವರು ಅವರೇ. ಆ ಮನುಷ್ಯ ಎಷ್ಟು ದಪ್ಪವಿದ್ದನೆಂದರೆ ಮಿಕ್ಕ ಬಟ್ಟೆಯಲ್ಲಿ ಎರಡು ದಿಂಬುಗಳಿಗೆ ಚೀಲವಾಯಿತು. ಸೂಟು ತೊಟ್ಟು ಬಂದ ತಮ್ಮನನ್ನು ಭದ್ರಮ್ಮ ಸುತ್ತು ಹಾಕಿ ನೋಡಿ, “ಮದ್ವೆ ಗಂಡೋ, ಮದ್ವೆ ಬ್ಯಾಂಡ್‌ಸೆಟ್ಟಿನೋನೋ ಗೊತ್ತಾಗಾಕಿಲ್ಲ,” ಎಂದರು. ಅವನಿಗೆ ಎರಡೂ ಒಪ್ಪಿಗೆಯಾಯಿತು.

ಮೊದಲ ಕಾರ್ಯಕ್ರಮ ಓಕ್ಲೆಂಡಿನ ಚರ್ಚೊಂದರ ಹಾಲಿನಲ್ಲಿ, ಶನಿವಾರ ಮಧ್ಯಾಹ್ನ. ‘ಡೂಮ್’ಗಳೆಲ್ಲ ಸರಾಗವಾಗಿ ಹೋದವು. ತೊಡಕಾದದ್ದು ಕೊನೆಯ ನಿಧಾನದ ಹಾಡಿನಲ್ಲಿ. ಅದರ ನಡುವೆ ಉಳಿದ ಮೂವರು ಮೆಲ್ಲಗೆ ಗುನುಗುವಾಗ ತಳದನಿಯವನು ಮುಂದೆ ಬಂದು ನಲ್ಲೆಗೆ ನಾಲ್ಕು ಮಾತು ಹೇಳಬೇಕು. ಆ ಇಂಗ್ಲಿಷ್ ಮಾತುಗಳನ್ನು ಮುನಿರಾಜು ಮೂರು ವಾರ ಬೋಲ್ಟು ಬಿಗಿಯುತ್ತ ಬಾಯಿಪಾಠ ಮಾಡಿದ್ದ. ವೇದಿಕೆಯ ಮೇಲೆ ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ. ಒಂದು ಪದವೂ ನೆನಪಾಗಲಿಲ್ಲ. ಮುನ್ನೂರು ಜನ ಕಾಯುತ್ತಿದ್ದರು. ಆಗ ಅವನ ಬಾಯಿಗೆ ತಾನಾಗಿ ಬಂದದ್ದು ಹಳೆಯ ಪಾಠ.

“ಕೆ.ಆರ್. ಪುರ...” ಎಂದ, ಜೇನು ಸುರಿದಂತೆ. “ಹೊಸಕೋಟೆ... ನಂದಗುಡಿ...”

ಮುಂದಿನ ಸಾಲಿನಲ್ಲಿ ಹ್ಯಾಟು ತೊಟ್ಟ ಹೆಂಗಸೊಬ್ಬಳು ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಚಿಂತಾಮಣಿ... ಬಾಗಿಲಲ್ಲಿ ನಿಲ್ಬೇಡಿ ತಾಯಿ... ಒಳಗ್ ಬನ್ನಿ... ಇನ್ನೂ ಒಳಗ್ ಬನ್ನಿ...”

ಸಭೆಗೆ ಸಭೆಯೇ ನಿಟ್ಟುಸಿರು ಬಿಟ್ಟಿತು. ಯಾರೋ ಕರವಸ್ತ್ರ ಎಸೆದರು. ಪರದೆಯ ಹಿಂದೆ ಬಂದ ಮೇಲೆ ಅರ್ಲ್, “ಏನು ಹೇಳಿದೆ ನೀನು?” ಎಂದು ಕೇಳಿದ. ಬಸ್ ಸ್ಟಾಪುಗಳು ಎಂದು ಮುನಿರಾಜು ತಲೆ ತಗ್ಗಿಸಿದ. ಅರ್ಲ್ ಮೆಟ್ಟಿಲ ಮೇಲೆ ಕುಸಿದು ಕೂತು, ಪಕ್ಕೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ, “ಇನ್ನು ಮುಂದೆ ಇದೇ. ಯಾರಿಗೂ ಬಾಯಿ ಬಿಡಬೇಡ,” ಎಂದ.

ಮೂರು ವರ್ಷ ಇದೇ ನಡೆಯಿತು. ಸ್ಯಾನ್ ಹೊಸೆಯ ಮದುವೆಗಳು, ಬರ್ಕ್ಲಿಯ ಮೇಳಗಳು, ಹಳೆಯ ಹಾಡಿನ ಅಭಿಮಾನಿಗಳ ಕೂಟಗಳು. ಕೇಬಲ್‌ಟೋನ್ಸ್ ಎದ್ದು ಕೂತಿತು. ‘ಮಿಸ್ಟರ್ ಚಿಂತಾಮಣಿ’ ಎಲ್ಲಿ ಎಂದು ಹೆಂಗಸರು ಕೇಳಿಕೊಂಡು ಬರುತ್ತಿದ್ದರು. ಅಕ್ಕನಿಗೂ ಅವನು, ಹಾಡಿನ ನಡುವೆ ತಾನು ಹೇಳುವುದು ಅಮೆರಿಕದ ಪ್ರೇಮದ ಮಾತು ಎಂದೇ ಹೇಳಿದ್ದ. ಅವರಿಗೆ ವಾರಾಂತ್ಯವೇ ಡ್ಯೂಟಿ. ಒಂದು ಕಾರ್ಯಕ್ರಮಕ್ಕೂ ಹೋಗಿರಲಿಲ್ಲ.

1984ರಲ್ಲಿ ನಾನು ನಮ್ಮ ಕನ್ನಡ ಕೂಟದ ಕಾರ್ಯದರ್ಶಿ. ನಮ್ಮವನೊಬ್ಬ ಇಂಥ ತಂಡದಲ್ಲಿದ್ದಾನೆಂದು ಕೇಳಿ, ಫಾಸ್ಟರ್ ಸಿಟಿಯ ಯುಗಾದಿ ಕಾರ್ಯಕ್ರಮಕ್ಕೆ ಕರೆಯಲು ಹೋದೆ.

“ಬತ್ತೀವಿ ಸಾರ್. ಆದ್ರೆ ಆ ನಿಧಾನದ ಹಾಡು ಬ್ಯಾಡ.”

“ಅದಕ್ಕೇ ಹೆಸರಂತಲ್ರೀ ನೀವು?”

“ಅದಕ್ಕೇ ಬ್ಯಾಡ ಅಂದಿದ್ದು ಸಾರ್.”

ನಾನು ಅದನ್ನು ಸಂಕೋಚವೆಂದು ತಿಳಿದೆ. ಅರ್ಲ್‌ಗೆ ಫೋನು ಮಾಡಿ, ಆ ಹಾಡು ಇರಲೇಬೇಕು ಎಂದೆ. ಅವನು ಯಾಕೋ ಬಹಳ ಹೊತ್ತು ಕೆಮ್ಮಿದ, ಆಮೇಲೆ ಒಪ್ಪಿದ.

ಅಂದು ನಾನೂರು ಕನ್ನಡಿಗರು ಸೇರಿದ್ದರು. ಭದ್ರಮ್ಮ ರಜ ಹಾಕಿ ಮೈಸೂರು ಸಿಲ್ಕು ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ನಿಧಾನದ ಹಾಡು ಬಂತು. ಮೂವರು ಗುನುಗತೊಡಗಿದರು. ಮುನಿರಾಜು ಮುಂದೆ ಬಂದ. ಬೆವರಿನಲ್ಲಿ ಸೂಟು ಅಂಟಿಕೊಂಡಿತ್ತು. ಕಣ್ಣು ಮುಚ್ಚಿಕೊಂಡು, “ಕೆ.ಆರ್. ಪುರ...” ಎಂದ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಹೊಸಕೋಟೆ...” ಅಲ್ಲೊಂದು ಇಲ್ಲೊಂದು ಕಿಸಕ್ಕೆಂದ ಸದ್ದು. “ನಂದಗುಡಿ...”

ಎಡಗಡೆಯಿಂದ ಮುದುಕಿಯೊಬ್ಬರು ಎದ್ದು ನಿಂತರು. ಜವರಮ್ಮ. ಮಗನ ಮನೆಗೆಂದು ನಂದಗುಡಿಯಿಂದ ಬಂದು ಮೂರು ತಿಂಗಳಾಗಿತ್ತು. ನಾಲ್ಕು ಜನರೆದುರು ಅವರು ಬಾಯಿ ತೆರೆದದ್ದನ್ನು ನಾವು ನೋಡಿರಲಿಲ್ಲ.

“ವಸಿ ನಿಲ್ಸಪ್ಪ,” ಎಂದರು ಗಟ್ಟಿಯಾಗಿ. “ನಂದಗುಡಿಲಿ ಇಳಿಯೋರವ್ರೆ.”

ಮುನಿರಾಜು ಕಣ್ಣು ತೆರೆದ. ಕಂಡಕ್ಟರನ ನಾಲಿಗೆ ಯೋಚಿಸಲಿಲ್ಲ. ಪಾತಾಳದ ದನಿಯಲ್ಲಿ, “ಹೋಲ್ಡಾನ್,” ಎಂದ.

ನಗು ಬಿದ್ದ ರಭಸಕ್ಕೆ ನನ್ನ ಕೈಯಲ್ಲಿದ್ದ ಕಾರ್ಯಕ್ರಮದ ಪಟ್ಟಿ ಹಾರಿತು. ಡಾಕ್ಟರುಗಳು, ಎಂಜಿನಿಯರುಗಳು, ಎಲ್ಲರೂ ಎದ್ದು ತಮ್ಮ ಊರು ಕೂಗತೊಡಗಿದರು. “ಮಂಡ್ಯ ಹೋಗುತ್ತಾ?” “ಆ ರೂಟ್ ಅಲ್ಲ ಸ್ವಾಮಿ.” “ಚನ್ನರಾಯಪಟ್ಟಣ?” “ಹಿಂದಿನ ಬಸ್ಸಿಗೆ ಬನ್ನಿ.” “ಲಗೇಜ್ ಇದೆ ಕಣ್ರೀ.” “ಮೇಲಕ್ ಹಾಕಿ.” ಪ್ರತಿ ಉತ್ತರವೂ ಶ್ರುತಿಯಲ್ಲೇ ಬಂತು. ಹಿಂದೆ ನಿಂತ ಮೂವರು ಕನ್ನಡದ ಮಾತೊಂದೂ ಅರ್ಥವಾಗದೆ, ನಿಲ್ಲಿಸಲೂ ತೋಚದೆ, ಸರದಿಯ ಮೇಲೆ ಉಸಿರೆಳೆದುಕೊಂಡು ಹನ್ನೊಂದು ನಿಮಿಷ ಗುನುಗಿದರು. ಕೊನೆಗೆ ಮುನಿರಾಜು “ರೈಟ್... ರೈಟ್...” ಎಂದ. ತಂಡ ಪಲ್ಲವಿಗೆ ಬಿತ್ತು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಕುರ್ಚಿಗಳ ನಡುವೆ ಕುಣಿದರು.

ಮುಗಿದ ಮೇಲೆ ಜವರಮ್ಮ ಅವನ ಕೈ ಹಿಡಿದುಕೊಂಡು ಮುಖ ನೋಡಿದರು. “ಬೆಳಗಿನ ಬಸ್ನಾಗೆ ದಿನಾ ತಡ ಮಾಡ್ತಿದ್ದೋನು ನೀನೇ ಏನ್ಲಾ?”

“ನಾನೇ ಕಣವ್ವ.”

ಭದ್ರಮ್ಮ ಮೂರು ದಿನ ತಮ್ಮನ ಜೊತೆ ಮಾತು ಬಿಟ್ಟಿದ್ದರು. ಕೋಪವಲ್ಲ, ಮಾತಾಡಲು ಹೋದರೆ ನಗು ಬರುತ್ತಿತ್ತು.

1988ರಲ್ಲಿ ಅರ್ಲ್ ನಿವೃತ್ತನಾಗಿ ಲೂಸಿಯಾನಾಗೆ ಮರಳುವ ಮೊದಲು ನಾಲ್ವರೂ ಸೇರಿ ಒಂದು ಪುಟ್ಟ ರೆಕಾರ್ಡು ಮಾಡಿದರು. ಅಲ್ಲಿಗೆ ತಂಡ ನಿಂತಿತು. ಮರುವರ್ಷದ ಒಂದು ಭಾನುವಾರ ಅಕ್ಕ ತಮ್ಮ ಗ್ರೋಸರಿ ತುಂಬಿಕೊಂಡು ಸೌತ್ ಸ್ಯಾನ್ ಫ್ರಾನ್ಸಿಸ್ಕೋ ದಾಟುವಾಗ ಕಾರಿನ ರೇಡಿಯೋದಲ್ಲಿ ಆ ನಿಧಾನದ ಹಾಡು ಬಂತು. ಮುನಿರಾಜು ರೇಡಿಯೋದ ಸದ್ದು ಏರಿಸಿ, ಫ್ರೀವೇ ಅಂಚಿಗೆ ಕಾರು ನಿಲ್ಲಿಸಿದ. ಎರಡು ನಿಮಿಷದಲ್ಲಿ ಪೊಲೀಸ್ ಗಾಡಿಯೊಂದು ಹಿಂದೆ ಬಂದು ನಿಂತಿತು. ಎತ್ತರದ ಅಧಿಕಾರಿಯೊಬ್ಬ ಕಿಟಕಿಗೆ ಬಗ್ಗಿದ.

“ಏನು ತೊಂದರೆ?”

“ತೊಂದರೆ ಇಲ್ಲ,” ಎಂದರು ಭದ್ರಮ್ಮ, ಆಸ್ಪತ್ರೆಯ ಇಂಗ್ಲಿಷಿನಲ್ಲಿ. “ರೇಡಿಯೋದಲ್ಲಿ ನನ್ನ ತಮ್ಮ. ಸದ್ದು ಮಾಡಬೇಡಿ.”

ಅವನು ಟೋಪಿ ತೆಗೆದು, ಕಿಟಕಿಗೆ ಮೊಣಕೈ ಊರಿ, ಹಾಡು ಮುಗಿಯುವವರೆಗೂ ನಿಂತ. ಇಲ್ಲಿ ಹೀಗೆ ನಿಲ್ಲಿಸಬಾರದು ಎಂದು ಆಮೇಲೆ ಹೇಳಿದ. ಭದ್ರಮ್ಮ ಡಬ್ಬಿ ತೆರೆದು ಅವನ ಕೈಗೆ ಎರಡು ಕೋಡುಬಳೆ ಹಾಕಿದರು. ಅವನು ಕಡಿಯುತ್ತ, ಕಣ್ಣು ಒರೆಸಿಕೊಳ್ಳುತ್ತ ತನ್ನ ಗಾಡಿಗೆ ನಡೆದ.

“ಖಾರ ಜಾಸ್ತಿ ಆಯ್ತೇನೋ ಪಾಪ,” ಎಂದರು ಭದ್ರಮ್ಮ.