ಫಾರಂನಲ್ಲಿ ಇಲ್ಲದ ಪ್ರಶ್ನೆ

ಬೆಳಿಗ್ಗೆ ಆರು ಗಂಟೆ. ಹಲಸೂರಿನ ಟ್ರಸ್ಟ್ ಆಸ್ಪತ್ರೆಯೊಂದರ ಎದೆರೋಗ ವಿಭಾಗದ ಮುಂದೆ ಆಗಲೇ ಹದಿನೇಳು ಜನ. ಕೃಷ್ಣರಾಜಪುರದಿಂದ ಮೊದಲ ಬಸ್ಸಿಗೆ ಬಂದ ಅಟೆಂಡರ್ ಶಾಂತಕುಮಾರಿ ಟೋಕನ್ ಕೊಡುತ್ತಿದ್ದಾರೆ. ವಯಸ್ಸು ಐವತ್ತನಾಲ್ಕು, ನೌಕರಿ ಹತ್ತೊಂಬತ್ತು ವರ್ಷ, ದಿನಕ್ಕೆ ಸುಮಾರು ತೊಂಬತ್ತು ಫೈಲು. ಎರಡೂ ಮಂಡಿ ನೋವು.

ಟೋಕನ್ ಜತೆಗೆ ಒಂದು ಪ್ರಶ್ನೆಯನ್ನೂ ಕೇಳುತ್ತಾರೆ: “ಮೂವತ್ತು, ನಲವತ್ತು ವರ್ಷದ ಹಿಂದೆ ಏನ್ ಕೆಲ್ಸ ಮಾಡ್ತಿದ್ರಿ?” ಉತ್ತರವನ್ನು ಪೆನ್ಸಿಲ್‌ನಲ್ಲಿ ಫೈಲಿನ ಅಂಚಿಗೆ ಬರೆಯುತ್ತಾರೆ. ಹಾಗೆ ಬರೆಯಲು ಅವರಿಗೆ ಯಾರೂ ಹೇಳಿಲ್ಲ.

ಅವರ ಮಾವ ವೆಂಕಟಸ್ವಾಮಿ ಕಾರ್ಖಾನೆಯ ಬಿಸಿ ಪೈಪುಗಳಿಗೆ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಸುತ್ತುತ್ತಿದ್ದರು. ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ ಎದೆಯಲ್ಲಿ ನೀರು ತುಂಬಿತು. ಹಳೆಯ ಕೆಲಸ ಏನೆಂದು ಯಾರೂ ಕೇಳಲಿಲ್ಲ; ಫೈಲಿನಲ್ಲಿ ಬರೆದದ್ದು: ಶ್ವಾಸಕೋಶದ ಕ್ಯಾನ್ಸರ್, ಬೀಡಿ ಚಟ. ಅದು ಮೀಸೋಥೀಲಿಯೋಮಾ ಎಂದು ತಿಳಿದ ಹನ್ನೆರಡನೇ ದಿನ ತೀರಿಕೊಂಡರು. ಈ ಕ್ಯಾನ್ಸರ್ ಹುಟ್ಟುವುದು ಶ್ವಾಸಕೋಶದೊಳಗಲ್ಲ, ಅದರ ಹೊರಪೊರೆಯಲ್ಲಿ. ಹೆಚ್ಚಿನವರಲ್ಲಿ ಕಾರಣ ಕಲ್ನಾರಿನ ದೂಳು, ಬೀಡಿಯಲ್ಲ. ಕೆಮ್ಮು, ಉಬ್ಬಸ ಎರಡೂ ಕ್ಯಾನ್ಸರ್‌ಗಳಲ್ಲಿ ಒಂದೇ; ಚಿಕಿತ್ಸೆ ಬೇರೆ.

“ಸೇದಿ ಸೇದಿ ತಂದ್ಕೊಂಡ್ರಿ ಅಂತ ಮನೆಯವ್ರೆಲ್ಲಾ ಬೈದ್ವಿ. ಪಾಪ, ಒಂದಿನಾನೂ ತಿರುಗಿ ಮಾತಾಡ್ಲಿಲ್ಲ,” ಎನ್ನುತ್ತಾರೆ ಶಾಂತಕುಮಾರಿ.

ಒಂಬತ್ತನೇ ಟೋಕನ್ ಹೊರಮಾವಿನ ಜಟ್ಟೆಮ್ಮನದು. ವಯಸ್ಸು ಅರವತ್ತೆಂಟು. ಎದೆಯಿಂದ ಎರಡು ಸಲ ನೀರು ತೆಗೆದಾಗಿದೆ. ಬೇರೊಂದು ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದಿದ್ದಾರೆ. ಸೋಮವಾರದಿಂದ ಇಲ್ಲಿ ಅದರ ಚಿಕಿತ್ಸೆ. ಫಾರಂನಲ್ಲಿ ಉದ್ಯೋಗ: ಗೃಹಿಣಿ.

“ಬೀಡಿ, ಹೊಗೆಸೊಪ್ಪು?”

“ಅಯ್ಯೋ, ನನ್ ಮುಖ ನೋಡಿದ್ರೆ ಹಂಗನ್ಸುತ್ತಾ?”

“ಯಜಮಾನ್ರು ಏನ್ ಮಾಡ್ತಿದ್ರಮ್ಮ?”

“ಬಾಯ್ಲರ್ ಕೆಲ್ಸ.”

“ಅವ್ರ ಬಟ್ಟೆ ಯಾರ್ ಒಗೀತಿದ್ರು?”

“ಇನ್ಯಾರು, ಸೂರ್ಯಚಂದ್ರ ಬಂದು ಒಗೀತಾರಾ? ನಾನೇ, ಹದಿನಾಲ್ಕು ವರ್ಷ. ಕೊಡವಿದ್ರೆ ಹಿಟ್ಟು ಉದುರ್ದಂಗೆ ಬೆಳ್ಳಗೆ ಉದುರ್ತಿತ್ತು.” ಉಸಿರು ಎಳೆದುಕೊಂಡು ಜಟ್ಟೆಮ್ಮ ಸೇರಿಸುತ್ತಾರೆ: “ಒಗ್ಯೋದೂ ಒಂದ್ ಕೆಲ್ಸ ಅಂತ ಕೇಳ್ದೋಳು ನೀನೊಬ್ಳೇ ಕಣವ್ವ.”

ಶಾಂತಕುಮಾರಿ ಬರೆಯುತ್ತಾರೆ: ಗಂಡನ ಬಾಯ್ಲರ್ ಕೆಲಸದ ಬಟ್ಟೆ ಒಗೆದವರು, ಹದಿನಾಲ್ಕು ವರ್ಷ. ಕಲ್ನಾರು? ವಿಭಾಗದ ಡಾಕ್ಟರ್ ಮಧುರಾ ಆ ಸಾಲನ್ನು ಎರಡು ಸಲ ಓದಿ, ಹೊರಪೊರೆಯ ತುಣುಕು ತೆಗೆದು ಪರೀಕ್ಷಿಸಲು ಬರೆಯುತ್ತಾರೆ. ಸೋಮವಾರದ ಚಿಕಿತ್ಸೆ ಮುಂದಕ್ಕೆ ಹೋಗುತ್ತದೆ.

ನಿಮ್ಮ ಆಸೆ ಏನು ಎಂದು ವರದಿಗೆ ಬಂದ ನಾನು ಕೇಳಿದರೆ ಶಾಂತಕುಮಾರಿ ಸ್ಟೂಲಿನ ಮೇಲೆ ಕೂರುತ್ತಾರೆ. “ಆಸೆ ಏನ್ ಬಂತು ಸಾರ್. ಫಾರಂನಲ್ಲಿ ಈ ಪ್ರಶ್ನೆ ಪ್ರಿಂಟ್ ಮಾಡಿಸ್ಬಿಟ್ರೆ ಸಾಕು. ನಾನು ರಜ ಹಾಕಿದ್ ದಿನ ಯಾರ್ ಕೇಳ್ತಾರೆ?”

ತುಣುಕು ತೆಗೆದ ಹನ್ನೊಂದನೇ ದಿನ ಜಟ್ಟೆಮ್ಮನ ವರದಿ ಬಂತು: ಮೀಸೋಥೀಲಿಯೋಮಾ. ಅದಕ್ಕೆ ತಕ್ಕ ಚಿಕಿತ್ಸೆ ಶುರುವಾಗಿದೆ. ಅದೇ ವಾರ ಹೊಸ ಫಾರಂಗಳೂ ಅಚ್ಚಾಗಿ ಬಂದವು. ಅವುಗಳಲ್ಲಿ ಆ ಪ್ರಶ್ನೆ ಇಲ್ಲ.