ಸ್ಯಾಂಪಲ್ ದಿನದ ಭದ್ರಾ ಹೊಳೆ

ಹೊಳೆ ತಿಳಿಯಾಗಿಬಿಟ್ಟಿದೆ ಎಂದು ಯಾರಾದರೂ ಗೋಳಾಡುವುದನ್ನು ಕೇಳಿದ್ದೀರಾ? ನಾನು ಕೇಳಿದೆ.

ಫೋನ್ ಮಾಡಿದವಳು ನನ್ನ ಕಾಲೇಜು ಗೆಳತಿ ರೆಹಾನಾ. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ, ಹೊಳೆ ದಡದಲ್ಲೇ ಮನೆ. ಹೈಸ್ಕೂಲ್ ಟೀಚರ್ (ಹಾಗಾಗಿ ಬೈಯುವುದರಲ್ಲಿ ಎತ್ತಿದ ಕೈ). ಅವಳೂ ಅಕ್ಕಪಕ್ಕದವರೂ ಸೇರಿ ಶಿವಮೊಗ್ಗದ ಕೋರ್ಟಿನಲ್ಲಿ ಕೇಸು ಹಾಕಿದ್ದಾರೆ. ಕೇಳುತ್ತಿರುವುದು ಇಷ್ಟೇ: ಹೊಳೆ ಕೆಡಿಸಿದವರೇ ಅದನ್ನು ಕ್ಲೀನ್ ಮಾಡಿಸುವ ಖರ್ಚು ಕೊಡಲಿ. ಸೋತರೆ ದಡದ ಕಪ್ಪು ಕೆಸರು ಇವರ ಪಾಲಿಗೇ ಉಳಿಯುತ್ತದೆ.

ಎದುರು ಪಾರ್ಟಿ ಮೂವರು. ಒಂದು ಬಣ್ಣದ ಕಾರ್ಖಾನೆ, ಒಂದು ಸರ್ವೀಸ್ ಸ್ಟೇಷನ್, ಒಂದು ಕಲ್ಯಾಣಮಂಟಪ. ಮೂವರದ್ದೂ ಒಂದೇ ರಾಗ. ನೀರು ತಮ್ಮ ಹತ್ತಿರ ಬರುವಾಗಲೇ ಕೆಟ್ಟಿರುತ್ತದಂತೆ. (ಕಲ್ಯಾಣಮಂಟಪದವರು ತಾವು ಬಿಡುವುದು ಬರೀ ಸಾರು ಎಂದರಂತೆ. ಅಲ್ಲಿ ಉಂಡವರು ಯೋಚಿಸಿ.)

ನೀರಿನ ಸ್ಯಾಂಪಲ್ ತೆಗೆಯಲು ಕೋರ್ಟು ಹೇಳಿತು. ಎರಡೂ ಕಡೆಗೆ ತಾರೀಖಿನ ಸಮೇತ ನೋಟಿಸ್ ಹೋಯಿತು. ಆ ಬೆಳಿಗ್ಗೆ ಅಧಿಕಾರಿಗಳು ಬಾಟಲಿ ಹಿಡಿದು ಬಂದರೆ ನೊರೆಯಿಲ್ಲ, ನಾತವಿಲ್ಲ. ತಳದ ಕಲ್ಲು ಕಾಣುತ್ತಿತ್ತು.

"ಕೇಸು ಹೋಯ್ತು ಮಾರಾಯ್ತಿ," ಅಂದಳು ಫೋನಿನಲ್ಲಿ.

ನಾನಿರುವ ಹೊಸಮನೆ ಬಡಾವಣೆಯಿಂದ ಹೊರಟು ಬಸ್ಸು ಹಿಡಿದೆ. ಅಷ್ಟರಲ್ಲಿ ಅಧಿಕಾರಿಗಳು ಹೋಗಿಯಾಗಿತ್ತು. ಅವಳ ಲಾಯರ್ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದರು. ನಾನೂ ರೆಹಾನಾಳೂ ಹೊಳೆಯ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟೆವು. ಎಷ್ಟು ವರ್ಷವಾಗಿತ್ತೋ! ನನಗಂತೂ ವಿಪರೀತ ಖುಷಿಯಾಯಿತು. ಹೇಳುವ ಧೈರ್ಯ ಬರಲಿಲ್ಲ.

ಇದ್ದಕ್ಕಿದ್ದಂತೆ ರೆಹಾನಾ ಲಾಯರ್ ಕಡೆ ತಿರುಗಿದಳು. "ಸಾರ್, ಇವತ್ತು ಬರ್ತಾರೆ ಅಂತ ಗೊತ್ತಿದ್ದದ್ದು ನಮಗೆ, ಅವರಿಗೆ. ನಾವಂತೂ ಏನೂ ನಿಲ್ಲಿಸಿಲ್ಲ. ಮತ್ತೆ ನಿಲ್ಲಿಸಿದ್ದು ಯಾರು?"

ಲಾಯರ್ ಕೋರ್ಟಿನಲ್ಲೂ ಇದನ್ನೇ ಕೇಳಿದರು, ನೊರೆಯ ಹಳೇ ಫೋಟೋ ಪಕ್ಕ ಆ ದಿನದ ಫೋಟೋ ಇಟ್ಟು. ನ್ಯಾಯಾಧೀಶರು ನಕ್ಕರಂತೆ. ಇನ್ನು ಮುಂದೆ ಹೇಳದೆ ಕೇಳದೆ ಸ್ಯಾಂಪಲ್ ತೆಗೆಯಿರಿ ಎಂದು ಆದೇಶವಾಯಿತು. ಸರ್ವೀಸ್ ಸ್ಟೇಷನ್‌ನವರು ಆಗಲೇ ರಾಜಿಗೆ ಬಂದಿದ್ದಾರೆ, ಕೆಸರು ತೆಗೆಸಲು ತಮ್ಮ ಪಾಲು ಕೊಡುತ್ತಾರಂತೆ. ಉಳಿದಿಬ್ಬರು ತಲೆ ಕೆರೆದುಕೊಳ್ಳುತ್ತಿದ್ದಾರೆ. ಅವರೂ ದಾರಿಗೆ ಬರುತ್ತಾರೆ, ನನಗೆ ನಂಬಿಕೆಯಿದೆ.

ಮೊನ್ನೆ ಮತ್ತೆ ಹೋಗಿ ನೋಡಿ ಬಂದೆ. ಆದೇಶ ಬಂದ ದಿನದಿಂದ ಹೊಳೆ ತಿಳಿಯಾಗೇ ಇದೆ. ಸ್ಯಾಂಪಲ್ ತೆಗೆಯುವವರು ಮಾತ್ರ ಇನ್ನೂ ಆ ಕಡೆ ತಲೆ ಹಾಕಿಲ್ಲ.

ಈ ವಿಷಯ ನಮ್ಮ ನಿಮ್ಮಲ್ಲೇ ಇರಲಿ, ಆಯ್ತಾ?