ಒಡಕು ದನಿಯ ಡಬ್ಬಿ

ಒಳ್ಳೆಯ ಸ್ವರವನ್ನು ಕೆಡಿಸುವುದಕ್ಕೂ ಒಂದು ಯಂತ್ರ ಬೇಕು ಎಂಬುದನ್ನು ಅಮ್ಮನಿಗೆ ಒಪ್ಪಿಸಲು ನನಗೆ ಇನ್ನೂ ಸಾಧ್ಯವಾಗಿಲ್ಲ. ಭೌತಶಾಸ್ತ್ರ ಓದಿ ಕಾರವಾರದ ಕಾಲೇಜೊಂದರಲ್ಲಿ ಪಾಠ ಹೇಳುವ ಮಗಳು, ರಜೆಯನ್ನೆಲ್ಲ ಬೆಸುಗೆ ಹಾಕುವುದರಲ್ಲಿ ಕಳೆದು, ಕೊನೆಗೆ ಮಾಡಿದ್ದು ಗಿಟಾರಿನ ಇಂಪನ್ನು ಒಡೆದುಹಾಕುವ ಡಬ್ಬಿ ಎಂದರೆ ಯಾವ ತಾಯಿಗೂ ಸಮಾಧಾನವಾಗಲಾರದು. "ತಂತಿ ಸಡ್ಲ ಆದ್ರೂ ಹೀಂಗೇ ಕೇಳ್ತದೆ. ಅದ್ಕೆ ಡಬ್ಬಿ ಎಂತಕ್ಕೆ?" ಎಂದು ಕೇಳಿ ಅವಳು ಅಡುಗೆಮನೆಗೆ ಹೋದಳು. ಉತ್ತರ ಕೊಡಲು ಒಂದು ಕರಿಹಲಗೆ ಬೇಕಾಗಿತ್ತು.

ಗಿಟಾರಿಗೂ ಸ್ಪೀಕರಿಗೂ ನಡುವೆ ಇಟ್ಟು ಕಾಲಿನಿಂದ ಒತ್ತುವ ಇಂಥ ಡಬ್ಬಿಗೆ ಪೆಡಲ್ ಎನ್ನುತ್ತಾರೆ. ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅಂಗಡಿಗೆ ಹೋದರೆ ಅವರು ನುಡಿಸಿ ತೋರಿಸಿ ಎನ್ನುತ್ತಾರೆ. ನಾನು ಬಾಗಿಲು ಹಾಕಿಕೊಂಡು ನುಡಿಸುವವಳು. ನನ್ನಲ್ಲಿ ಗಿಟಾರ್ ಇದೆ ಎಂಬ ಸಂಗತಿ ಕಾಲೇಜಿನಲ್ಲಿ ಯಾರಿಗೂ ತಿಳಿಯದು. ತಿಳಿದರೆ ವಾರ್ಷಿಕೋತ್ಸವ ಎಂಬ ಅಪಾಯವಿದೆ. ಆದ್ದರಿಂದ ಬಿಡಿಭಾಗಗಳನ್ನು ತರಿಸಿ, ಶಾಲೆಗೆ ಒಯ್ಯುತ್ತಿದ್ದ ಹಳೆಯ ಅಲ್ಯೂಮಿನಿಯಂ ಊಟದ ಡಬ್ಬಿಗೆ ತೂತು ಕೊರೆದು, ನಾನೇ ಮಾಡಿಕೊಂಡೆ. ಬೆಸುಗೆಯ ರಾಳದ ಹೊಗೆ ನಡುಮನೆಗೆ ಹಬ್ಬಿದಾಗ ಅಮ್ಮ ಮೂಗೆತ್ತಿ, "ಇದು ಯಾವ ದೇವ್ರಿಗೆ ಧೂಪ?" ಎಂದಳು. ಮೊದಲ ಸಲ ಗುಂಡಿ ಒತ್ತಿದಾಗ ಆ ದೇವರು ಮೌನವಾಗಿತ್ತು. ಟ್ರಾನ್ಸಿಸ್ಟರನ್ನು ನಾನು ಹಿಂದುಮುಂದಾಗಿ ಕೂರಿಸಿದ್ದೆ. ತರಗತಿಯಲ್ಲಿ ಅದೇ ಟ್ರಾನ್ಸಿಸ್ಟರಿನ ಚಿತ್ರ ಬರೆದು, ಯಾವ ಕಾಲು ಯಾವುದೆಂದು ಹುಡುಗರನ್ನು ಎಬ್ಬಿಸಿ ಕೇಳುತ್ತೇನೆ.

ಸರಿಪಡಿಸಿದ ಮೇಲೆ ಡಬ್ಬಿ ಮಾತನಾಡಿತು. ಅದರ ಕೆಲಸ ಸರಳ. ಹಾರವಾಡದ ಕಡಲ ದಂಡೆಯಲ್ಲಿ ಕಲ್ಲಿನ ತಡೆಗೋಡೆ ಇದೆಯಲ್ಲ, ಎತ್ತರದ ಅಲೆ ಬಂದು ಅದಕ್ಕೆ ಬಡಿದಾಗ ನೆತ್ತಿ ಒಡೆದು ನೊರೆಯಾಗಿ, ಗದ್ದಲವಾಗಿ ಸಿಡಿಯುತ್ತದೆ. ನನ್ನ ಡಬ್ಬಿಯಲ್ಲಿ ಎರಡು ಪುಟ್ಟ ಡಯೋಡುಗಳು ಆ ಗೋಡೆಯ ಕೆಲಸ ಮಾಡುತ್ತವೆ. ಸ್ವರದ ಅಲೆ ಬಂದು ಬಡಿದು ಒಡೆಯುತ್ತದೆ. ಆ ಒಡಕೇ ಬೇಕಾದದ್ದು. ಇದು ಪರದೇಶದ ಮರುಳು ಎಂದು ಭಾವಿಸಬೇಕಾಗಿಲ್ಲ. ತಂಬೂರಿಯ ತಂತಿಗೂ ಅದನ್ನು ಹೊತ್ತು ನಿಲ್ಲುವ ಕುದುರೆಗೂ ನಡುವೆ ಹತ್ತಿಯ ಎಳೆಯೊಂದನ್ನು ಸಿಕ್ಕಿಸಿ, ಶುದ್ಧವಾಗಿದ್ದ ನಾದವನ್ನು ಝೇಂಕರಿಸುವಂತೆ ಮಾಡಿದವರು ನಮ್ಮವರೇ. ಆ ಎಳೆಗೆ ಜೀವಾಳಿ ಎಂದು ಹೆಸರಿಟ್ಟರು. ಸ್ವಚ್ಛ ಸ್ವರದಲ್ಲಿ ಏನೋ ಕಡಿಮೆಯಿದೆ ಎಂಬ ಅನುಮಾನ ಬಹಳ ಹಳೆಯದು.

ಗಿರಿಜಕ್ಕನಿಗೆ ಆ ಅನುಮಾನ ಎಂದೂ ಇರಲಿಲ್ಲ. ಅದು ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು. ಗಿರಿಜಕ್ಕ ಹಾರವಾಡದಿಂದ ಬೆಳಗಿನ ಬಸ್ಸಿನಲ್ಲಿ ಬುಟ್ಟಿ ಹೇರಿಕೊಂಡು ನಮ್ಮ ಬಿಣಗಾಕ್ಕೆ ಬಂದು ಮನೆಮನೆಗೆ ಮೀನು ಮಾರುವವಳು. ಅವಳ "ಬಂಗಡೇ..." ಎಂಬ ಕೂಗಿನಲ್ಲಿ ಜೀವಾಳಿಯೂ ಇತ್ತು, ತಡೆಗೋಡೆಯೂ ಇತ್ತು. ಹೆದ್ದಾರಿ ಚತುಷ್ಪಥವಾದ ಮೇಲೆ ಆ ಕೂಗು ನಾಲ್ಕು ಸಾಲು ಲಾರಿಗಳನ್ನು ದಾಟಬೇಕಾಯಿತು. ಆಚೆ ಬದಿಯ ಮನೆಯವರು ದನಿ ಕೇಳಿದರೆ ಮಾತ್ರ ತಟ್ಟೆ ಹಿಡಿದು ಹೊರಗೆ ಬರುತ್ತಾರೆ. ಕೆಲವು ವರ್ಷ ದಾಟಿಸಿದಳು. ಆಮೇಲೆ ಗಂಟಲು ಕೈಕೊಟ್ಟಿತು. ಡಾಕ್ಟರು, ದನಿಯ ತಂತುಗಳಲ್ಲಿ ಗಂಟು ಎದ್ದಿದೆ, ಮೂರು ತಿಂಗಳು ಕೂಗಬಾರದು, ಮಾತೂ ಕಡಿಮೆ ಮಾಡಬೇಕು, ಕೂಗಿದರೆ ದನಿ ಹೋದದ್ದು ಮತ್ತೆ ಬರುವುದಿಲ್ಲ ಎಂದರು. ಕೂಗದಿದ್ದರೆ ಗಿರಾಕಿ ಹೋಗುತ್ತಿದ್ದರು. ಧ್ವನಿವರ್ಧಕ ಕಟ್ಟಿಕೊಂಡ ಸ್ಕೂಟರಿನವನೊಬ್ಬ ಆಗಲೇ ಆ ದಾರಿಯಲ್ಲಿ ಓಡಾಡತೊಡಗಿದ್ದ.

ಗಿರಿಜಕ್ಕನೂ ಕೈಯಲ್ಲಿ ಹಿಡಿಯುವ ಸಣ್ಣ ಸ್ಪೀಕರೊಂದನ್ನು ತಂದಳು. ಅದರೊಳಗೆ ಹಾಕಲು ದನಿ ಬೇಕಿತ್ತು.

"ಅಕ್ಕೋರೆ, ನೀವು ದಿನಾ ಹುಡುಗ್ರಿಗೆ ಕೂಗೂರಲ್ವಾ. ನಂಗೂ ನಾಲ್ಕು ಮಾತು ಕೂಗಿ ಕೊಡಿ," ಎಂದು ಪಿಸುಗುಟ್ಟಿದಳು. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು. ಇಲ್ಲವೆನ್ನಲು ನನಗೆ ಬರಲಿಲ್ಲ. "ತಾಜಾ ಬಂಗಡೆ ಬಂದಿದೆ. ತಾರ್ಲೆಯೂ ಲಭ್ಯವಿದೆ," ಎಂದು ಮೊಬೈಲಿನಲ್ಲಿ ಓದಿ, ಅವಳ ಸ್ಪೀಕರಿಗೆ ಹಾಕಿ ಕೊಟ್ಟೆ.

ಮಾರನೆಯ ದಿನ ಅವಳು ಅರ್ಧಕ್ಕೂ ಹೆಚ್ಚು ತುಂಬಿದ ಬುಟ್ಟಿಯನ್ನು ನಮ್ಮ ಜಗುಲಿಯಲ್ಲಿ ಇಳಿಸಿದಳು.

"ನಿಮ್ಮ ದನಿಗೆ ಕಸ ಬಂತು ಅಕ್ಕೋರೆ, ಗಿರಾಕಿ ಬರ್ಲಿಲ್ಲ."

"ಕಸವೇ?"

"ಪಂಚಾಯ್ತಿ ಗಾಡಿ ಅಂದ್ಕಂಡ್ರು. ಆಚೆ ಮನೆ ಹೆಂಗ್ಸು ಎರಡು ಬಕೆಟ್ ಹಿಡ್ಕಂಡು ರಸ್ತೆ ದಾಟಿ ಬಂತು. ಹಸೀದು ಒಂದು, ಒಣಾದು ಒಂದು. ನಾ ಮೀನು ತೋರ್ಸಿದ್ರೆ ನಂಗೇ ಬೈತು."

ನಗಬಾರದೆಂದು ಅವಳೂ, ನಗಬಾರದೆಂದು ನಾನೂ ಸ್ವಲ್ಪ ಹೊತ್ತು ಮೀನುಗಳನ್ನು ನೋಡಿದೆವು. ಕಸದ ಗಾಡಿಯ ಪ್ರಕಟಣೆಯಲ್ಲಿ ಇರುವ ಹೆಣ್ಣುದನಿ ನನ್ನ ದನಿಯಷ್ಟೇ ಸ್ಪಷ್ಟ, ಅಷ್ಟೇ ವಿನಯದ್ದು, ಅಷ್ಟೇ ಯಾರದೂ ಅಲ್ಲದ್ದು. ಗಿರಿಜಕ್ಕ ಬುಟ್ಟಿಯ ಅಂಚನ್ನು ಸವರುತ್ತ, "ನಾಳೆಯಿಂದ ನಾನೇ ಕೂಗ್ತೆ. ಗಂಟ್ಲು ಹೋದ್ರೆ ಹೋಗ್ಲಿ. ಒಂದ್ಸಲ ಆ ಸ್ಕೂಟರಿನವ್ನ ರೂಢಿ ಆದ್ರೆ ಇವ್ರು ನನ್ ಕಡೆ ಬರೂದಿಲ್ಲ," ಎಂದಳು. ಅದನ್ನು ಹೇಳಿದ ದನಿ ಆಗಲೇ ಮಾತಿನ ನಡುನಡುವೆ ಇಲ್ಲವಾಗುತ್ತಿತ್ತು.

ಆಗ ನನಗೆ ಡಬ್ಬಿ ನೆನಪಾಯಿತು.

ಅಮ್ಮ ಹಣಕೋಣದ ಚಿಕ್ಕಮ್ಮನ ಮನೆಗೆ ಹೋಗಿದ್ದ ಮಧ್ಯಾಹ್ನ ಇಬ್ಬರೂ ಕಿಟಕಿ ಹಾಕಿಕೊಂಡು ಕೂತೆವು. ಮೈಕಿನ ತಂತಿ ಡಬ್ಬಿಗೆ, ಡಬ್ಬಿಯ ತಂತಿ ಗಿಟಾರಿನ ಸ್ಪೀಕರಿಗೆ, ಸ್ಪೀಕರಿನ ಎದುರು ದನಿ ಹಿಡಿಯಲು ನನ್ನ ಮೊಬೈಲು. ನಾನು ಗಂಟಲು ಸರಿಮಾಡಿಕೊಂಡು "ಬಂಗಡೇ" ಎಂದೆ. ನನ್ನ ದನಿ ಡಬ್ಬಿಯೊಳಗೆ ಹೊಕ್ಕು, ಇಸ್ತ್ರಿಯೂ ಕೆಡದೆ ಹೊರಗೆ ಬಂತು.

"ಇದು ಮೀನು ಮಾರೂದಾ, ಮೀನಿಗೆ ಲಾಲಿ ಹಾಡೂದಾ?"

ಒಡಕು ಹೆಚ್ಚಿಸುವ ಡಬ್ಬಿಯ ತಿರುಗಣೆಯನ್ನು ಕೊನೆಯ ತನಕ ತಿರುಗಿಸಿದೆ. ನನ್ನ ದನಿಗಿಂತ ದೊಡ್ಡದಾಗಿ ಕರೆಂಟಿನ ಗುಂಯ್‌ಗುಡುವಿಕೆ ಎದ್ದಿತು. ಗಿರಿಜಕ್ಕ ಮಾಡಿನ ಕಡೆ ನೋಡಿ, "ಜೇನು ಎದ್ದದ್ಯಾ?" ಎಂದಳು. ಮತ್ತೆ ಇಳಿಸಿದೆ. ಕಾರಣ ನನಗೆ ಗೊತ್ತಿತ್ತು, ಹೇಳಲು ಸಂಕೋಚವಾಗುತ್ತಿತ್ತು. ಅಲೆ ಎತ್ತರಕ್ಕೆ ಏಳದಿದ್ದರೆ ಗೋಡೆಗೆ ತಾಗುವುದೇ ಇಲ್ಲ. ತಪ್ಪು ಡಬ್ಬಿಯದಲ್ಲ, ನಾನು ಕೂಗಬೇಕಾಗಿತ್ತು. ಹುಟ್ಟಿದಾಗ ಅತ್ತದ್ದನ್ನು ಬಿಟ್ಟರೆ ನಾನು ಆ ಎತ್ತರದ ಕೆಲಸ ಮಾಡಿದ ನೆನಪಿಲ್ಲ.

ಗಿರಿಜಕ್ಕ ಉಪಾಯ ಹೂಡಿದಳು. "ರಸ್ತೆ ಆಚೆ ನಿಮ್ಮ ಬಸ್ಸು ಹೊರಟೋತದೆ, ಕಂಡಕ್ಟ್ರು ನೋಡ್ಲಿಲ್ಲ ಅಂದ್ಕಳಿ. ಈಗ ಕೂಗಿ."

"ನಾನಾದರೆ ಮುಂದಿನ ಬಸ್ಸಿಗೆ ಕಾಯುತ್ತೇನೆ," ಎಂದೆ. ಅದು ನಿಜವೇ ಆಗಿತ್ತು.

"ಮಳ್ಳಾ ನಿಮ್ಗೆ? ಎಷ್ಟು ಕಲ್ತು ಎಂತಾ ಬಂತು! ಕೂಗೂದು ಅಂದ್ರೆ ಹೀಂಗೆ, ನೋಡಿ..." ಎಂದು ಅವಳು ಸೊಂಟಕ್ಕೆ ಕೈಯಿಟ್ಟು, ತಲೆ ಹಿಂದಕ್ಕೆ ಚೆಲ್ಲಿ, ಎದೆ ತುಂಬ ಉಸಿರೆಳೆದಳು. ಕತ್ತಿನ ನರಗಳು ಎದ್ದು ನಿಂತವು. ಡಾಕ್ಟರು ಬೇಡವೆಂದ ಕೂಗು ಬಾಯಿಯ ತನಕ ಬಂದಿತ್ತು.

"ಬೇಡಾ!" ಎಂದೆ ನಾನು.

ಅಂದೆ ಎಂದು ಬರೆಯುವುದು ವಾಡಿಕೆ. ನಿಜವಾಗಿ ಆದದ್ದೇನೆಂದರೆ, ಸ್ಪೀಕರಿನಿಂದ ಒರಟಾದ, ಅಂಚು ಹರಿದ, ಉಪ್ಪುಗಾಳಿ ತಿಂದ ದನಿಯೊಂದು ಸಿಡಿದು ಕಪಾಟಿನ ಗಾಜು ಅದುರಿತು. ಗಿರಿಜಕ್ಕ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದಳು. ತನ್ನ ಗಂಟಲನ್ನೊಮ್ಮೆ ಮುಟ್ಟಿ ನೋಡಿಕೊಂಡಳು.

"ಹಾಂ," ಎಂದಳು ಮೆಲ್ಲಗೆ. "ಇದು ದನಿ. 'ಬೇಡ' ತೆಗ್ದು ಅಲ್ಲೇ 'ಬಂಗಡೆ' ಹಾಕಿ."

ಹಾಕಿದೆ. ಒಮ್ಮೆ ಅಷ್ಟು ಎತ್ತರಕ್ಕೆ ಹೋದ ಮೇಲೆ ಎರಡನೆಯ ಸಲ ದಾರಿ ಗೊತ್ತಿರುತ್ತದೆ. ತಾರ್ಲೆ, ಸಿಗಡಿ, ಎಲ್ಲವನ್ನೂ ಕೂಗಿದೆ. ಕೊನೆಕೊನೆಗೆ ಅವಳೇ, "ಸಾಕು, ಅಷ್ಟೆಲ್ಲ ಮೀನು ನನ್ ಬುಟ್ಟೀಲಿ ಇರೂದಿಲ್ಲ," ಎಂದು ತಡೆಯಬೇಕಾಯಿತು.

ಮರುದಿನ ಬೆಳಿಗ್ಗೆ ಹೆದ್ದಾರಿಯ ಕಡೆಯಿಂದ "ಬಂಗಡೇ..." ಕೇಳಿಸಿತು. ಅಮ್ಮ ಒಲೆ ಸಣ್ಣ ಮಾಡಿ, "ಗಿರಿಜಾಳ ಗಂಟ್ಲು ಸಮಾ ಆಯ್ತು ಕಾಣ್ತದೆ," ಎನ್ನುತ್ತ ತಟ್ಟೆ ಹಿಡಿದು ಹೊರಗೆ ಹೋದಳು. ನಾನು ದೋಸೆಯಿಂದ ತಲೆ ಎತ್ತಲಿಲ್ಲ. ಆಚೆ ಬದಿಯವರೂ ಬಂದರಂತೆ. ಬಕೆಟ್ಟಿನ ಹೆಂಗಸು ಈ ಸಲ ಪಾತ್ರೆ ತಂದಿದ್ದಳಂತೆ. ಇದು ಯಾರ ದನಿ ಎಂದು ಗಿರಿಜಕ್ಕ ಯಾರಿಗೂ ಹೇಳಲಿಲ್ಲ. ಮಾತು ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಿದ್ದು ಅನುಕೂಲವೇ ಆಯಿತು.

ಈಗ ಅವಳ ಗಂಟಲು ವಾಸಿಯಾಗಿದೆ. ಹಾಗಾದರೆ ನನ್ನ ದನಿಯನ್ನು ಅಳಿಸಿಬಿಡೋಣವೇ ಎಂದು ಕೇಳಿದೆ. ಅವಳು ಸ್ಪೀಕರನ್ನು ಸೆರಗಿನ ಹಿಂದೆ ಸರಿಸಿಕೊಂಡಳು. "ಇರ್ಲಿ ಅಕ್ಕೋರೆ. ಗಿರಾಕೀನ ಕರಿಯೂದು ನೀವು ಕರೀರಿ. ಚೌಕಾಶಿಗೆ ಬಂದವ್ರ ಹತ್ರ ಜಗಳ ಮಾಡೂಕೆ ನನ್ ಗಂಟ್ಲು ಬೇಕು." ಕೆಲಸದ ಈ ಹಂಚಿಕೆಯಲ್ಲಿ ನನಗೆ ಆಕ್ಷೇಪವೇನೂ ಕಾಣಲಿಲ್ಲ.

ಮೊನ್ನೆ ಕಾರವಾರದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಲಾರಿಗಳ ಮೇಲಿಂದ ಹಾಯ್ದು ಆ ಕೂಗು ನನ್ನನ್ನು ತಲುಪಿತು. ಪಕ್ಕದಲ್ಲಿ ನಿಂತಿದ್ದ ಹೆಂಗಸು, ಊರಿಗೆ ಹೊಸಬಳಿರಬೇಕು, ಆ ಕಡೆ ನೋಡುತ್ತ, "ಎಂತಾ ಗಂಟ್ಲು ಮಾರಾಯ್ತಿ ಅವಳ್ದು! ನಾಚ್ಕೆ ಹೆದ್ರಿಕೆ ಒಂದೂ ಇಲ್ಲ," ಎಂದಳು.

"ಹೌದು," ಎಂದೆ.

ಅವಳು ನನ್ನ ಕಡೆ ಕಿವಿ ಬಾಗಿಸಿ, "ಎಂತಾ ಹೇಳಿದ್ರಿ?" ಎಂದು ಕೇಳಿದಳು.